ಮೊದಲ ಗೇಮಿಂಗ್ ಕಂಪ್ಯೂಟರ್: ಕೈಯಲ್ಲಿರುವ ಹಣ ಯಾವ ಭಾಗಕ್ಕೆ ಹೋಗಬೇಕು

ಗೇಮಿಂಗ್ ಕಂಪ್ಯೂಟರನ್ನು ತಾವೇ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಲೆಕ್ಕ ಶುರುಮಾಡುತ್ತಾರೆ. ಅದು ಕಂಪ್ಯೂಟರಿನ ಮೆದುಳು ಎಂದು ಶಾಲೆಯಲ್ಲಿ ಓದಿರುತ್ತಾರೆ. ಮೆದುಳು ಚುರುಕಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋದೀತು ಎಂಬ ನಂಬಿಕೆ. ಹೀಗೆ ಮೊದಲ ಭಾಗಕ್ಕೇ ಹಣದ ದೊಡ್ಡ ಪಾಲು ಕರಗಿ, ಎಲ್ಲ ಭಾಗಗಳನ್ನೂ ಕೂರಿಸುವ ಮದರ್‌ಬೋರ್ಡ್ ಮತ್ತು ಬಣ್ಣದ ದೀಪಗಳ ಕ್ಯಾಬಿನೆಟ್ ಇನ್ನೊಂದಿಷ್ಟನ್ನು ನುಂಗಿ, ಗ್ರಾಫಿಕ್ಸ್ ಕಾರ್ಡಿನ ಸರದಿ ಬರುವ ಹೊತ್ತಿಗೆ ಜೇಬು ಬರಿದಾಗಿರುತ್ತದೆ. ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಅಂತೂ ಕ್ಯಾಬಿನೆಟ್ ಜೊತೆಗೆ ಬಂದದ್ದೇ ಸಾಕು ಎಂದು ತೀರ್ಮಾನವಾಗುತ್ತದೆ. ಆಟದ ಮಟ್ಟಿಗೆ ಇದು ತಲೆಕೆಳಗಾದ ಕ್ರಮ.

ಹಣ ಕಡಿಮೆಯಿರುವಾಗ ಪ್ರತಿಯೊಂದು ಭಾಗವನ್ನೂ ಎರಡು ಪ್ರಶ್ನೆಗಳಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಈ ಭಾಗಕ್ಕೆ ಹೆಚ್ಚು ಕೊಟ್ಟರೆ ಪರದೆಯ ಮೇಲೆ ಏನಾದರೂ ಬದಲಾಗುತ್ತದೆಯೇ ಎಂಬುದು ಮೊದಲನೆಯದು. ಈಗ ಅಗ್ಗದ್ದನ್ನು ಕೊಂಡು ಎರಡು ವರ್ಷದ ನಂತರ ಬದಲಿಸಬೇಕಾಗಿ ಬಂದರೆ, ಅದೊಂದನ್ನೇ ಬದಲಿಸಿದರೆ ಸಾಕೇ, ಅಥವಾ ಅದರ ಜೊತೆಗೆ ಇನ್ನೂ ಮೂರು ಭಾಗಗಳನ್ನು ಎಸೆಯಬೇಕೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಯನ್ನು ಎಲ್ಲರೂ ಹೇಗೋ ಕೇಳಿಕೊಳ್ಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ನಷ್ಟ ಹೆಚ್ಚಾಗಿ ಆಗುವುದು ಅಲ್ಲಿಯೇ.

ಲೆಕ್ಕ ಆರಂಭವಾಗಬೇಕಾದದ್ದು ಪರದೆಯಿಂದ

ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯಬೇಕು ಎಂಬುದನ್ನು ನಿರ್ಧರಿಸುವುದು ಮಾನಿಟರ್. 1920ಕ್ಕೆ 1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 2560ಕ್ಕೆ 1440 ಅಳತೆಯದರಲ್ಲಿ ಸುಮಾರು 36.9 ಲಕ್ಷ, 4ಕೆ ಎಂದು ಕರೆಯುವ 3840ಕ್ಕೆ 2160 ಅಳತೆಯದರಲ್ಲಿ ಸುಮಾರು 83 ಲಕ್ಷ. ಎಂದರೆ 1080ರಿಂದ 4ಕೆಗೆ ಹೋದವರು ಕಾರ್ಡಿನ ಮೇಲೆ ಪ್ರತಿ ಚಿತ್ರಕ್ಕೂ ನಾಲ್ಕು ಪಟ್ಟು ಚುಕ್ಕೆಗಳ ಹೊರೆ ಹೊರಿಸಿದಂತಾಯಿತು. ಇದರ ಜೊತೆಗೆ ಪರದೆ ಒಂದು ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸಬಲ್ಲದು ಎಂಬ ಹರ್ಟ್ಸ್ ಲೆಕ್ಕವೂ ಸೇರುತ್ತದೆ. 60 ಹರ್ಟ್ಸ್ ಪರದೆಗೆ ಪ್ರತಿ ಚಿತ್ರವನ್ನು 16.7 ಮಿಲಿಸೆಕೆಂಡಿನಲ್ಲಿ ಸಿದ್ಧಪಡಿಸಿದರೆ ಸಾಕು. 144 ಹರ್ಟ್ಸ್ ಪರದೆಯನ್ನು ಪೂರ್ತಿ ಬಳಸಿಕೊಳ್ಳಬೇಕಾದರೆ ಅದೇ ಕೆಲಸ 6.9 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಮೊದಲ ಬಾರಿ, ಅದೂ ಬಿಗಿಯಾದ ಹಣದಲ್ಲಿ ಕಟ್ಟುವವರಿಗೆ 1080 ಅಳತೆಯ, 100ರಿಂದ 165 ಹರ್ಟ್ಸ್ ನಡುವಿನ ಪರದೆ ಸರಿಯಾದ ಗುರಿ ಎಂದು ನನಗನ್ನಿಸುತ್ತದೆ. 4ಕೆ ಪರದೆ ಕೊಂಡು ಅದಕ್ಕೆ ತಕ್ಕ ಕಾರ್ಡ್ ಕೊಳ್ಳಲಾಗದೆ ಕೊರಗುವುದಕ್ಕಿಂತ ಇದು ಎಷ್ಟೋ ವಾಸಿ. ಮಾನಿಟರ್ ಈಗಾಗಲೇ ಮನೆಯಲ್ಲಿದ್ದರೆ ಅದರ ಹಿಂಬದಿಯ ಚೀಟಿಯಲ್ಲಿ ಮಾದರಿಯ ಹೆಸರು ನೋಡಿ, ಅಳತೆ ಮತ್ತು ಹರ್ಟ್ಸ್ ಎಷ್ಟೆಂದು ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಒಂದು ಚಿತ್ರ ಪರದೆಗೆ ಬರುವ ಮೊದಲು ಎರಡು ಕೈ ದಾಟುತ್ತದೆ. ಶತ್ರು ಯಾವ ದಿಕ್ಕಿಗೆ ಓಡಬೇಕು, ಎಸೆದ ಕಲ್ಲು ಎಲ್ಲಿ ಬೀಳಬೇಕು, ಯಾವ ವಸ್ತು ಈಗ ಕಣ್ಣಿಗೆ ಬೀಳುತ್ತಿದೆ ಎಂಬುದನ್ನೆಲ್ಲ ಪ್ರೊಸೆಸರ್ ತೀರ್ಮಾನಿಸಿ, ಇಂತಿಂಥವನ್ನು ಬಿಡಿಸು ಎಂದು ಗ್ರಾಫಿಕ್ಸ್ ಕಾರ್ಡಿಗೆ ಆದೇಶ ಕೊಡುತ್ತದೆ. ಕಾರ್ಡ್ ಆ ಆದೇಶದಂತೆ ಲಕ್ಷಗಟ್ಟಲೆ ಚುಕ್ಕೆಗಳಿಗೆ ಬಣ್ಣ, ಬೆಳಕು, ನೆರಳು ತುಂಬುತ್ತದೆ. ಇವೆರಡರಲ್ಲಿ ಯಾವುದು ನಿಧಾನವೋ ಅದರ ವೇಗವೇ ಆಟದ ವೇಗ. ಪರದೆಯ ಅಳತೆ ಹೆಚ್ಚಿದಂತೆ ಕಾರ್ಡಿನ ಕೆಲಸ ಹೆಚ್ಚುತ್ತದೆಯೇ ಹೊರತು ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸೆಕೆಂಡಿಗೆ ಹೆಚ್ಚು ಚಿತ್ರಗಳು ಬೇಕೆಂದರೆ ಮಾತ್ರ ಪ್ರೊಸೆಸರ್ ಬೆವರಬೇಕಾಗುತ್ತದೆ. ಆದ್ದರಿಂದಲೇ ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂಥ ಪೈಪೋಟಿಯ ಆಟಗಳನ್ನು 200ಕ್ಕೂ ಹೆಚ್ಚು ಚಿತ್ರಗಳ ವೇಗದಲ್ಲಿ ಆಡಬಯಸುವವರಿಗೆ ಒಳ್ಳೆಯ ಪ್ರೊಸೆಸರ್ ಬೇಕು. ದೊಡ್ಡ ಭೂದೃಶ್ಯಗಳ ಕಥಾಪ್ರಧಾನ ಆಟಗಳನ್ನು 60 ಚಿತ್ರಗಳ ವೇಗದಲ್ಲಿ ನೋಡಿ ಆನಂದಿಸುವವರಿಗೆ ಕಾರ್ಡ್ ಮುಖ್ಯ. ಯಾವ ಆಟ ಎಂದು ಕೇಳದೆ ಯಾವ ಕಂಪ್ಯೂಟರ್ ಎಂದು ಸಲಹೆ ಕೊಡುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಗ್ರಾಫಿಕ್ಸ್ ಕಾರ್ಡ್: ಹೆಸರು ಒಂದು, ವಸ್ತು ಬೇರೆ

ಮಾನಿಟರನ್ನು ಬಿಟ್ಟು ಉಳಿದ ಯಂತ್ರಕ್ಕೆ ನೂರು ಪಾಲು ಹಣವಿದೆ ಎಂದುಕೊಂಡರೆ, ಅದರಲ್ಲಿ ಮೂವತ್ತೈದರಿಂದ ನಲವತ್ತೈದು ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದು ನ್ಯಾಯ. ಇದೇನೂ ಶಾಸ್ತ್ರವಾಕ್ಯವಲ್ಲ, ಪರದೆಯ ಮೇಲೆ ನೇರವಾಗಿ ಕಾಣುವ ಬದಲಾವಣೆ ಇದೊಂದರಿಂದಲೇ ಹೆಚ್ಚು ಎಂಬುದರ ಲೆಕ್ಕಾಚಾರ. ಎರಡನೆಯ ಪ್ರಶ್ನೆಗೂ ಕಾರ್ಡ್ ಒಳ್ಳೆಯ ಉತ್ತರವನ್ನೇ ಕೊಡುತ್ತದೆ: ಒಂದೆರಡು ಸ್ಕ್ರೂ ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದು, ಎಸ್‌ಎಂಪಿಎಸ್‌ಗೆ ಅದನ್ನು ಹೊರುವ ಶಕ್ತಿ ಇದ್ದರೆ.

ಕಾರ್ಡ್ ಆರಿಸುವಾಗ ಹೊಸಬರು ಎಡವುವುದು ಹೆಸರಿನಲ್ಲಿ. ಒಂದೇ ಹೆಸರಿನಡಿ ಬೇರೆ ಬೇರೆ ವಸ್ತುಗಳನ್ನು ಮಾರುವುದು ಈ ಉದ್ಯಮದ ಹಳೆಯ ಚಾಳಿ. 2016ರಲ್ಲಿ ಎನ್‌ವಿಡಿಯಾ ತಂದ ಜಿಟಿಎಕ್ಸ್ 1060 ಕಾರ್ಡ್ 6 ಜಿಬಿ ಮತ್ತು 3 ಜಿಬಿ ಎಂಬ ಎರಡು ರೂಪಗಳಲ್ಲಿ ಬಂತು. ಅವೆರಡಕ್ಕೂ ಮೆಮೊರಿಯಲ್ಲಷ್ಟೇ ವ್ಯತ್ಯಾಸ ಎಂದು ಜನ ತಿಳಿದರು. ವಾಸ್ತವವಾಗಿ ಮೊದಲನೆಯದರಲ್ಲಿ 1280 ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಇದ್ದರೆ ಎರಡನೆಯದರಲ್ಲಿ 1152 ಮಾತ್ರ ಇದ್ದವು. ಜಿಟಿ 1030ರ ಕಥೆ ಇನ್ನೂ ವಿಚಿತ್ರ. ಜಿಡಿಡಿಆರ್5 ಎಂಬ ವೇಗದ ಮೆಮೊರಿಯಿದ್ದ ಅದರ ರೂಪ ಸೆಕೆಂಡಿಗೆ ಸುಮಾರು 48 ಜಿಬಿ ದತ್ತಾಂಶ ಸಾಗಿಸುತ್ತಿತ್ತು. ಆಮೇಲೆ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 ರೂಪದ ಸಾಮರ್ಥ್ಯ 17 ಜಿಬಿಯನ್ನೂ ಮುಟ್ಟಲಿಲ್ಲ. ಆರ್‌ಟಿಎಕ್ಸ್ 3060ರ 12 ಜಿಬಿ ರೂಪಕ್ಕೆ ಮೆಮೊರಿಯ ದಾರಿ 192 ಬಿಟ್ ಅಗಲ, 8 ಜಿಬಿ ರೂಪಕ್ಕೆ 128 ಬಿಟ್. 2022ರ ಆರಂಭದಲ್ಲಿ ಎಎಂಡಿ ತಂದ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ತೊಡಕು ಬೇರೆ ಬಗೆಯದು. ಆ ಕಾರ್ಡ್ ಮದರ್‌ಬೋರ್ಡಿನೊಂದಿಗೆ ಮಾತಾಡಲು ಪಿಸಿಐಇ ಎಂಬ ದತ್ತಾಂಶ ದಾರಿಯ ನಾಲ್ಕೇ ಓಣಿಗಳನ್ನು ಬಳಸುತ್ತದೆ. ಹೊಸ ಪಿಸಿಐಇ 4.0 ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ; ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಆ ದಾರಿಯ ವೇಗ ಅರ್ಧಕ್ಕಿಳಿದು ಆಟ ಮುಗ್ಗರಿಸುತ್ತದೆ. ಹಳೆಯ, ಅಗ್ಗದ ಬೋರ್ಡ್ ಇಟ್ಟುಕೊಂಡವರೇ ಇಂಥ ಅಗ್ಗದ ಕಾರ್ಡ್ ಕೊಳ್ಳುವವರೂ ಆಗಿರುತ್ತಾರೆ ಎಂಬುದು ಇಲ್ಲಿನ ವ್ಯಂಗ್ಯ. ಆದ್ದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ಓದಿದರೆ ಸಾಲದು. ಮೆಮೊರಿ ಎಷ್ಟು, ಯಾವ ಬಗೆಯದು, ದಾರಿ ಎಷ್ಟು ಬಿಟ್ ಅಗಲ, ಪಿಸಿಐಇ ಓಣಿ ಎಷ್ಟು ಎಂಬ ಸಣ್ಣ ಅಕ್ಷರಗಳನ್ನೂ ಓದಬೇಕು.

ಕಾರ್ಡಿನ ಸ್ವಂತ ಮೆಮೊರಿಯಾದ ವಿಆರ್‌ಎಎಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆಟದ ಗೋಡೆ, ಬಟ್ಟೆ, ಮುಖಗಳ ಮೇಲೆ ಹೊದಿಸುವ ಚಿತ್ರಗಳೆಲ್ಲ ಅಲ್ಲಿರುತ್ತವೆ. ಆರ್‌ಎಕ್ಸ್ 6600ರಂಥ 8 ಜಿಬಿ ಕಾರ್ಡ್ ತನ್ನ ಮೆಮೊರಿಯನ್ನು ಸೆಕೆಂಡಿಗೆ 224 ಜಿಬಿ ವೇಗದಲ್ಲಿ ಓದಬಲ್ಲದು. ಆ 8 ಜಿಬಿ ತುಂಬಿ ತುಳುಕಿದಾಗ ಹೆಚ್ಚಾದದ್ದನ್ನು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ನಲ್ಲಿ ಇಟ್ಟು, ಬೇಕಾದಾಗಲೆಲ್ಲ ಪಿಸಿಐಇ ದಾರಿಯಿಂದ ತರಿಸಿಕೊಳ್ಳಬೇಕಾಗುತ್ತದೆ. ಆ ಕಾರ್ಡಿನ ಎಂಟು ಓಣಿಗಳ ದಾರಿಯ ಮಿತಿ ಪಿಸಿಐಇ 4.0ರಲ್ಲೂ ಸೆಕೆಂಡಿಗೆ ಸುಮಾರು 16 ಜಿಬಿ. ಹೆದ್ದಾರಿಯಲ್ಲಿ ಓಡುತ್ತಿದ್ದ ವಾಹನ ಇದ್ದಕ್ಕಿದ್ದಂತೆ ಗದ್ದೆಯ ಬದುವಿಗೆ ಇಳಿದಂತೆ. ಆಗ ಸರಾಸರಿ ವೇಗ ಚೆನ್ನಾಗಿಯೇ ಕಂಡರೂ ಆಟ ನಡುನಡುವೆ ತಡವರಿಸುತ್ತದೆ, ಇಲ್ಲವೇ ಗೋಡೆಗಳ ಮೇಲಿನ ಚಿತ್ರ ಮಸುಕಾಗಿ ಕಾಣುತ್ತದೆ. 1080 ಅಳತೆಯಲ್ಲಿ, ಟೆಕ್ಸ್‌ಚರ್ (ಹೊದಿಕೆ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಲು ಒಪ್ಪುವವರಿಗೆ 8 ಜಿಬಿ ಇಂದಿಗೂ ನಡೆಯುತ್ತದೆ. ಹೊಸ ಕಾರ್ಡನ್ನು ನಾಲ್ಕೈದು ವರ್ಷ ಬಳಸುವ ಉದ್ದೇಶವಿದ್ದರೆ 12 ಅಥವಾ 16 ಜಿಬಿಗೆ ಸ್ವಲ್ಪ ಹೆಚ್ಚು ಕೊಡುವುದು ಜಾಣತನ. 2024ರ ಕೊನೆಯಲ್ಲಿ ಇಂಟೆಲ್ ತಂದ ಆರ್ಕ್ ಬಿ580 ಕೆಳದರ್ಜೆಯ ಬೆಲೆಯಲ್ಲೇ 12 ಜಿಬಿ ಕೊಟ್ಟು ಗಮನ ಸೆಳೆದದ್ದು ಇದೇ ಕಾರಣಕ್ಕೆ. ಆದರೆ ಇಂಟೆಲ್ಲಿನ ಈ ಕಾರ್ಡುಗಳಿಗೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಮ್ಮೆಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರಲೇಬೇಕು; ಅದಿಲ್ಲದ ಹಳೆಯ ಯಂತ್ರಕ್ಕೆ ಅವನ್ನು ಹಾಕಿದರೆ ಶಕ್ತಿಯ ದೊಡ್ಡ ಭಾಗ ವ್ಯರ್ಥವಾಗುತ್ತದೆ.

ಕಡಿಮೆ ಹಣದವರಿಗೆ ಈಚಿನ ವರ್ಷಗಳಲ್ಲಿ ಒದಗಿದ ದೊಡ್ಡ ಸಹಾಯ ಎಂದರೆ ಅಪ್‌ಸ್ಕೇಲಿಂಗ್. ಆಟವನ್ನು ಚಿಕ್ಕ ಅಳತೆಯಲ್ಲಿ ಬಿಡಿಸಿ, ಆಮೇಲೆ ಅದನ್ನು ದೊಡ್ಡದಾಗಿಸುವ ತಂತ್ರ ಇದು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್ಲಿನ ಎಕ್ಸ್‌ಇಎಸ್‌ಎಸ್ ಮೂರೂ ಇದೇ ಕೆಲಸ ಮಾಡುತ್ತವೆ. 1440 ಅಳತೆಯ ಪರದೆಯಲ್ಲಿ ಕ್ವಾಲಿಟಿ ಎಂಬ ಆಯ್ಕೆಯನ್ನು ಒತ್ತಿದರೆ ಕಾರ್ಡ್ ಒಳಗೊಳಗೇ 960 ಸಾಲುಗಳಷ್ಟನ್ನೇ ಬಿಡಿಸುತ್ತದೆ, ಎಂದರೆ ಪೂರ್ತಿ ಚುಕ್ಕೆಗಳ ಅರ್ಧಕ್ಕಿಂತಲೂ ಕಡಿಮೆ. 1080 ಪರದೆಯಲ್ಲಿ ಅದೇ ಆಯ್ಕೆ 720ಕ್ಕೆ ಇಳಿಯುವುದರಿಂದ ಆಧಾರವಾಗಿ ಸಿಗುವ ಚುಕ್ಕೆಗಳು ಕಡಿಮೆಯಾಗಿ ಚಿತ್ರ ಮಸುಕಾಗುವ ಸಂಭವ ಹೆಚ್ಚು. ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಎಫ್‌ಎಸ್‌ಆರ್‌ನ ಮೊದಲ ರೂಪಗಳು ಹಳೆಯ ಕಾರ್ಡುಗಳಲ್ಲೂ ನಡೆಯುತ್ತವೆ.

ಬಳಸಿದ ಕಾರ್ಡ್ ಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಕೊಳ್ಳಬಹುದು, ಇಡೀ ಯಂತ್ರದಲ್ಲಿ ಅತಿ ಹೆಚ್ಚು ಉಳಿತಾಯ ಆಗುವುದೂ ಅಲ್ಲಿಯೇ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಜಾಲ ತನ್ನ ವ್ಯವಸ್ಥೆಯನ್ನು ಬದಲಿಸಿ ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಣಿಗಾರಿಕೆ ಮಾಡುವುದನ್ನು ನಿಲ್ಲಿಸಿದಾಗ ಬಳಸಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಗಣಿಗಾರಿಕೆಗೆ ದುಡಿದ ಕಾರ್ಡಿನ ಚಿಪ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸವೆಯುವುದು ಫ್ಯಾನ್, ಒಣಗುವುದು ಚಿಪ್ಪಿನ ಶಾಖ ಸಾಗಿಸುವ ಥರ್ಮಲ್ ಪೇಸ್ಟ್. ಅರ್ಧ ಗಂಟೆ ಭಾರಿ ಆಟ ಓಡಿಸಿ, ಫ್ಯಾನಿನ ಸದ್ದು ಮತ್ತು ಉಷ್ಣಾಂಶ ನೋಡದೆ ಹಣ ಕೊಡಬಾರದು. ಇನ್ನೊಂದು ಎಚ್ಚರಿಕೆಯೂ ಬೇಕು. 2025ರಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್‌ನಂಥ ಆಟಗಳಿಗೆ ಬೆಳಕಿನ ಕಿರಣಗಳ ಹಾದಿಯನ್ನೇ ಲೆಕ್ಕಹಾಕುವ ರೇ ಟ್ರೇಸಿಂಗ್ ಮಾಡಬಲ್ಲ ಯಂತ್ರಾಂಶ ಕಡ್ಡಾಯ, ತನ್ನ ಕಾಲದಲ್ಲಿ ರಾಜನಂತೆ ಮೆರೆದ ಜಿಟಿಎಕ್ಸ್ 1080 ಟಿಐ ಎಷ್ಟೇ ಬಲಶಾಲಿಯಾಗಿದ್ದರೂ ಅಂಥ ಆಟಗಳಿಗೆ ಪ್ರವೇಶವಿಲ್ಲ. ಹಳೆಯದು ಕೊಳ್ಳುವುದಾದರೆ ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 20ರ ಸರಣಿ, ಎಎಂಡಿಯಲ್ಲಿ ಆರ್‌ಎಕ್ಸ್ 6000ದ ಸರಣಿ, ಇವುಗಳಿಂದ ಕೆಳಗೆ ಇಳಿಯದಿರುವುದು ಒಳ್ಳೆಯದು.

ಪ್ರೊಸೆಸರ್ ಮತ್ತು ಅದು ಕೂರುವ ಜಾಗ

ಇಂದಿನ ಆಟಗಳಿಗೆ ಎಷ್ಟು ಕೋರ್ ಬೇಕು ಎಂಬ ಪ್ರಶ್ನೆಗೆ ಉತ್ತರ ಗೇಮ್ ಕನ್ಸೋಲ್‌ಗಳಲ್ಲಿದೆ. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎರಡರಲ್ಲೂ ಎಎಂಡಿಯ ಝೆನ್ 2 ಪೀಳಿಗೆಯ ಎಂಟು ಕೋರ್‌ಗಳಿವೆ. ದೊಡ್ಡ ಆಟಗಳನ್ನು ಆ ಯಂತ್ರಗಳನ್ನು ಎದುರಿಗಿಟ್ಟುಕೊಂಡೇ ಕಟ್ಟುತ್ತಾರೆ. ಅದಕ್ಕಿಂತ ಹೊಸ ಪೀಳಿಗೆಯ ಆರು ಕೋರ್, ಹನ್ನೆರಡು ಥ್ರೆಡ್‌ಗಳ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳ) ಪ್ರೊಸೆಸರ್ ಪ್ರತಿ ಕೋರಿಗೂ ಹೆಚ್ಚು ವೇಗ ಕೊಡುವುದರಿಂದ ಅವುಗಳಿಗೆ ಸರಿಗಟ್ಟುತ್ತದೆ. ಎಎಂಡಿಯ ರೈಜೆನ್ 5 5600, ಇಂಟೆಲ್ಲಿನ ಕೋರ್ ಐ5-12400ಎಫ್, ಇವೆರಡೂ 2022ರವು, ಮತ್ತು ಅದರ ಮರುವರ್ಷ ಬಂದ ರೈಜೆನ್ 5 7600 ಈ ವರ್ಗದವು. ನಾಲ್ಕು ಕೋರ್‌ಗಳದ್ದೂ ಆಟ ಓಡಿಸುತ್ತದೆ, ಸರಾಸರಿ ಅಂಕಿಯೂ ಚೆನ್ನಾಗಿಯೇ ಕಾಣಬಹುದು. ಆದರೆ ಹೊಸ ಪ್ರದೇಶ ತೆರೆದುಕೊಳ್ಳುವಾಗ, ಗುಂಪು ಸೇರಿದಾಗ ಕ್ಷಣಕಾಲ ಆಟ ಸಿಕ್ಕಿಹಾಕಿಕೊಳ್ಳುವ ಕಿರಿಕಿರಿ ಹೆಚ್ಚು. ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲೇ ಕನಿಷ್ಠ ಶೇ 1 ಎಂದು ಕೊಡುವ, ಅತಿ ನಿಧಾನದ ಶೇ 1ರಷ್ಟು ಚಿತ್ರಗಳ ವೇಗ ಹೇಳುವ ಅಂಕಿ ಈ ಕಿರಿಕಿರಿಯ ಅಳತೆ. ನಾನಂತೂ ಮೊದಲು ಅದನ್ನೇ ನೋಡುತ್ತೇನೆ.

ಪ್ರೊಸೆಸರ್‌ನ ಹೆಸರಿನ ಬಾಲಕ್ಕೂ ಅರ್ಥವಿದೆ. ಇಂಟೆಲ್ಲಿನಲ್ಲಿ ಎಫ್ ಎಂದಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕುವವರೆಗೆ ಪರದೆಯಲ್ಲಿ ಏನೂ ಬಾರದು. ಕೆ ಎಂದಿದ್ದರೆ ಓವರ್‌ಕ್ಲಾಕ್ ಮಾಡಬಹುದು, ಅಂದರೆ ಘೋಷಿತ ವೇಗಕ್ಕಿಂತ ಹೆಚ್ಚು ಓಡಿಸಬಹುದು, ಆದರೆ ಅದಕ್ಕೆ ಝಡ್ ದರ್ಜೆಯ ದುಬಾರಿ ಬೋರ್ಡ್ ಬೇಕು. ಬಿಗಿ ಹಣದವರಿಗೆ ಕೆ ಪ್ರೊಸೆಸರೂ ಬೇಡ, ಝಡ್ ಬೋರ್ಡೂ ಬೇಡ. ಎಎಂಡಿಯಲ್ಲಿ ಜಿ ಎಂದಿದ್ದರೆ ಒಳಗಿನ ಗ್ರಾಫಿಕ್ಸ್ ಬಲವಾಗಿದೆ ಎಂದರ್ಥ. ಈಗ ಕಾರ್ಡ್ ಕೊಳ್ಳಲು ಹಣವೇ ಇಲ್ಲ, ಆರು ತಿಂಗಳು ಹಗುರ ಆಟಗಳಲ್ಲಿ ಕಳೆಯುತ್ತೇನೆ ಎನ್ನುವವರಿಗೆ ಅದು ಹೊಂದುತ್ತದೆ. ಒಂದೇ ಮೆಟ್ಟಿಲು ಕೆಳಗಿರುವಂತೆ ಕಾಣುವ ರೈಜೆನ್ 5 5500ರಲ್ಲಿ ಒಳಮೆಮೊರಿಯಾದ ಎಲ್3 ಕ್ಯಾಶ್ 5600ರ ಅರ್ಧದಷ್ಟು, ಅಂದರೆ 32 ಎಂಬಿ ಬದಲು 16 ಎಂಬಿ. ಜೊತೆಗೆ ಅದು ಪಿಸಿಐಇ 3.0ಕ್ಕೇ ಸೀಮಿತ. ಆಗಲೇ ಹೇಳಿದ ನಾಲ್ಕು ಓಣಿಗಳ ಕಾರ್ಡನ್ನು ಈ ಪ್ರೊಸೆಸರಿಗೆ ಜೋಡಿಸಿದರೆ, ಹೊಸ ಬೋರ್ಡಿದ್ದರೂ ಅದೇ ಮುಗ್ಗರಿಕೆ.

ಇಡೀ ಯಂತ್ರದಲ್ಲಿ ನನ್ನ ಎರಡನೆಯ ಪ್ರಶ್ನೆ ಅತಿ ಹೆಚ್ಚು ಭಾರವಾಗುವುದು ಪ್ರೊಸೆಸರ್ ಕೂರುವ ಸಾಕೆಟ್ ವಿಷಯದಲ್ಲಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರೂ ಒಂದೇ ಗಂಟಿನಲ್ಲಿ ಕಟ್ಟಿದಂಥವು. ಸಾಕೆಟ್ ಬದಲಾದರೆ ಹಲವು ಬಾರಿ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಪಾಠ. 2017ರಲ್ಲಿ ಮೊದಲ ಪೀಳಿಗೆಯ ರೈಜೆನ್ ಕೊಂಡವರಲ್ಲಿ ಅನೇಕರು ಅದೇ ಬೋರ್ಡಿಗೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ನವೀಕರಿಸಿ, 2022ರಲ್ಲಿ ಬಂದ 5800ಎಕ್ಸ್3ಡಿಯನ್ನು ಕೂರಿಸಿಕೊಂಡು, ಬೋರ್ಡ್ ಮತ್ತು ರ‍್ಯಾಮ್‌ನ ಖರ್ಚನ್ನು ಪೂರ್ತಿ ಉಳಿಸಿದರು. ಈಗ ಎಎಂ4 ತನ್ನ ಆಯಸ್ಸಿನ ಕೊನೆಯಲ್ಲಿದೆ. ಅದರ ಭಾಗಗಳು ಅಗ್ಗ, ಬಳಸಿದವೂ ಹೇರಳ, ಆದರೆ ಮುಂದಕ್ಕೆ ದಾರಿ ಇಲ್ಲ. 2022ರಲ್ಲಿ ಬಂದ ಎಎಂ5 ಡಿಡಿಆರ್5 ರ‍್ಯಾಮನ್ನು ಮಾತ್ರ ಒಪ್ಪುತ್ತದೆ, ಆರಂಭದ ಖರ್ಚು ಹೆಚ್ಚು. ಆದರೆ 2027 ಮತ್ತು ಅದರಾಚೆಗೂ ಬೆಂಬಲ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಇಂಟೆಲ್ಲಿನ ಎಲ್‌ಜಿಎ 1700 ಸಾಕೆಟ್ 12, 13, 14ನೇ ಪೀಳಿಗೆಗಳಿಗೆ ದುಡಿದು ನಿಂತಿತು. ಅದರಲ್ಲಿ ಬೋರ್ಡನ್ನು ಅವಲಂಬಿಸಿ ಡಿಡಿಆರ್4 ಅಥವಾ ಡಿಡಿಆರ್5 ನಡೆಯುತ್ತದೆ. ಒಂದರ ಬೋರ್ಡಿಗೆ ಇನ್ನೊಂದರ ರ‍್ಯಾಮ್ ಹಿಡಿಯದು. ನನ್ನ ತೀರ್ಪು ಹೀಗಿದೆ: ಯಂತ್ರವನ್ನು ಒಮ್ಮೆ ಕಟ್ಟಿ ಐದಾರು ವರ್ಷ ಮುಟ್ಟದವರು ಎಎಂ4 ಅಥವಾ ಎಲ್‌ಜಿಎ 1700 ಹಿಡಿದು, ಉಳಿದ ಹಣವನ್ನು ಕಾರ್ಡಿಗೆ ಹಾಕಲಿ. ಎರಡು ಮೂರು ವರ್ಷಕ್ಕೊಮ್ಮೆ ಒಂದೊಂದೇ ಭಾಗ ಬದಲಿಸುತ್ತ ಹೋಗುವವರು ಈಗಿನ ಹೊರೆ ಸಹಿಸಿಕೊಂಡು ಎಎಂ5 ಹಿಡಿಯಲಿ.

ಮದರ್‌ಬೋರ್ಡಿನ ಆಯ್ಕೆ ಇದರ ಮುಂದೆ ಸಣ್ಣದು. ಒಂದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿನಲ್ಲಿಟ್ಟರೂ ಅದರ ಮೂರು ಪಟ್ಟು ಬೆಲೆಯದರಲ್ಲಿಟ್ಟರೂ ಆಟದ ವೇಗದಲ್ಲಿ ಕಣ್ಣಿಗೆ ಕಾಣುವ ಅಂತರವಿರುವುದಿಲ್ಲ. ಬಿ450, ಬಿ550, ಬಿ650, ಬಿ760ರಂಥ ಮಧ್ಯಮ ದರ್ಜೆ ಸಾಕು. ನೋಡಬೇಕಾದದ್ದು ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇದೆಯೇ, ಎಸ್‌ಎಸ್‌ಡಿ ಸಿಕ್ಕಿಸುವ ಎಂ.2 ಸ್ಲಾಟ್ ಎಷ್ಟು, ವೈಫೈ ಒಳಗೇ ಇದೆಯೇ ಅಥವಾ ಬೇರೆ ಕೊಳ್ಳಬೇಕೇ ಎಂಬುದು. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರಿಸುವುದಾದರೆ ತಯಾರಕರ ಪುಟದಲ್ಲಿ ಆ ಪ್ರೊಸೆಸರಿನ ಹೆಸರು ಮತ್ತು ಅದಕ್ಕೆ ಬೇಕಾದ ಬಯಾಸ್ ಆವೃತ್ತಿ ನೋಡಬೇಕು; ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸುವ ಗುಂಡಿಯಿರುವ ಬೋರ್ಡ್ ಇಂಥ ಹೊತ್ತಿನಲ್ಲಿ ಪ್ರಾಣ ಉಳಿಸುತ್ತದೆ.

ರ‍್ಯಾಮ್ ಕೊಳ್ಳುವಾಗ ಒಂದು ಕಡ್ಡಿಗಿಂತ ಎರಡು ಕಡ್ಡಿ ಮೇಲು. 16 ಜಿಬಿಯ ಒಂದೇ ಕಡ್ಡಿಯ ಬದಲು 8 ಜಿಬಿಯ ಎರಡನ್ನು ಹಾಕಿದರೆ ಪ್ರೊಸೆಸರ್ ಎರಡೂ ಚಾನೆಲ್‌ಗಳಿಂದ ಏಕಕಾಲಕ್ಕೆ ಓದುತ್ತದೆ. ಡಿಡಿಆರ್4-3200ರಲ್ಲಿ ಒಂದು ಚಾನೆಲ್‌ನ ವೇಗ ಸೆಕೆಂಡಿಗೆ 25.6 ಜಿಬಿ, ಎರಡರದ್ದು ಸೇರಿ 51.2 ಜಿಬಿ. ಆಮೇಲೆ ಇನ್ನೊಂದು ಹಾಕಿದರಾಯಿತು ಎಂದುಕೊಂಡು ನಾನು ನನ್ನ ಮೊದಲ ಯಂತ್ರಕ್ಕೆ ಒಂದೇ ಕಡ್ಡಿ ಹಾಕಿದ್ದೆ. ಆ ಆಮೇಲೆ ಬರಲು ಒಂದೂವರೆ ವರ್ಷ ಹಿಡಿಯಿತು, ಅಷ್ಟರಲ್ಲಿ ಅದೇ ಕಡ್ಡಿ ಅಂಗಡಿಗಳಲ್ಲಿ ಸಿಗುವುದೇ ನಿಂತಿತ್ತು. ಎರಡು ಕಡ್ಡಿಗಳು ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬಂದಿದ್ದರೆ ಹೊಂದಾಣಿಕೆಯ ತಲೆನೋವಿಲ್ಲ. 16 ಜಿಬಿ ಇಂದಿನ ಕನಿಷ್ಠ ಮಟ್ಟ. ಹಿನ್ನೆಲೆಯಲ್ಲಿ ಬ್ರೌಸರ್ ಮತ್ತು ಹರಟೆಯ ತಂತ್ರಾಂಶ ತೆರೆದಿಟ್ಟು ಆಡುವವರಿಗೆ 32 ಜಿಬಿ ನಿರಾಳ.

ಸಂಗ್ರಹಣೆಯ ವಿಷಯ ಬೇಗ ಮುಗಿಯುತ್ತದೆ. ಆಟವನ್ನು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇಡುವ ಕಾಲ ಹೋಯಿತು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬೇಕೇ ಬೇಕು. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 550 ಎಂಬಿ, ಪಿಸಿಐಇ 3.0 ದಾರಿ ಬಳಸುವ ಎನ್‌ವಿಎಂಇ ಎಸ್‌ಎಸ್‌ಡಿಯದು ಸುಮಾರು 3500 ಎಂಬಿ, 4.0ರದ್ದು ಸುಮಾರು 7000 ಎಂಬಿ. ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಆಗುವ ಸಂತೋಷ 3500ರಿಂದ 7000ಕ್ಕೆ ಹೋದಾಗ ಆಗುವುದಿಲ್ಲ, ಆಟ ತೆರೆಯುವ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ವೇಗಕ್ಕಿಂತ ಗಾತ್ರಕ್ಕೆ ಹಣ ಕೊಡಿ: ದೊಡ್ಡ ಆಟಗಳು 100 ಜಿಬಿ ದಾಟುತ್ತಿರುವುದರಿಂದ 1 ಟಿಬಿ ಸರಿಯಾದ ಆರಂಭ. ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಸಾಟಾ ಎಸ್‌ಎಸ್‌ಡಿಗಳೂ ಅದೇ ಆಕಾರದಲ್ಲಿ ಬರುತ್ತವೆ.

ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ

ಪರದೆಯ ಮೇಲೆ ಒಂದು ಚುಕ್ಕೆಯನ್ನೂ ಬದಲಿಸದ, ಆದರೂ ಹಣ ಕೊಡಲೇಬೇಕಾದ ಭಾಗ ಇದೊಂದೇ. ಉಳಿದ ಭಾಗಗಳು ಕೆಟ್ಟರೆ ಹೆಚ್ಚಾಗಿ ತಾವಷ್ಟೇ ಕೆಡುತ್ತವೆ. ಕಳಪೆ ಎಸ್‌ಎಂಪಿಎಸ್ ಹೋಗುವಾಗ ಜೊತೆಗೆ ಬೋರ್ಡನ್ನೋ ಕಾರ್ಡನ್ನೋ ಕರೆದುಕೊಂಡು ಹೋಗಬಹುದು. ಇನ್ನೊಂದೆಡೆ, ಒಳ್ಳೆಯದನ್ನು ಒಮ್ಮೆ ಕೊಂಡರೆ ಅದು ಎರಡು ಕಾರ್ಡುಗಳ, ಎರಡು ಪ್ರೊಸೆಸರುಗಳ ಕಾಲ ಬಾಳುತ್ತದೆ. ಹತ್ತು ವರ್ಷದ ಖಾತರಿಯೊಂದಿಗೆ ಬರುವವೂ ಇವೆ.

ಎಷ್ಟು ವ್ಯಾಟ್ ಬೇಕು ಎಂಬ ಲೆಕ್ಕ ಕಷ್ಟದ್ದಲ್ಲ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್, ಆರ್‌ಟಿಎಕ್ಸ್ 4060ಕ್ಕೆ 115, ಆರ್‌ಟಿಎಕ್ಸ್ 3060ಕ್ಕೆ 170. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿರುವ ರೈಜೆನ್ ಪೂರ್ಣ ಹೊರೆಯಲ್ಲಿ 90ರ ಹತ್ತಿರ ಎಳೆಯಬಹುದು. ಬೋರ್ಡ್, ರ‍್ಯಾಮ್, ಫ್ಯಾನ್, ಎಸ್‌ಎಸ್‌ಡಿ ಎಲ್ಲಕ್ಕೂ ಸೇರಿ 50 ಎಂದುಕೊಂಡರೆ ಒಟ್ಟು 310 ದಾಟುವುದು ಅಪರೂಪ. ಆದರೆ ಗ್ರಾಫಿಕ್ಸ್ ಕಾರ್ಡುಗಳು ಕ್ಷಣದ ಒಂದು ಭಾಗದಷ್ಟು ಹೊತ್ತು ತಮ್ಮ ಘೋಷಿತ ಮಿತಿಯನ್ನು ಮೀರಿ ವಿದ್ಯುತ್ ಎಳೆಯುತ್ತವೆ. ಇಂಥ ಹೊತ್ತಿನಲ್ಲಿ ತಾಳಲಾರದ ಎಸ್‌ಎಂಪಿಎಸ್ ಇಡೀ ಯಂತ್ರವನ್ನು ಆರಿಸಿಬಿಡುತ್ತದೆ. ಜೊತೆಗೆ ಮುಂದಿನ ಕಾರ್ಡ್ ಇನ್ನೂ ಹಸಿದದ್ದಾಗಿರಬಹುದು. ಹಾಗಾಗಿ ಇಂಥ ಯಂತ್ರಕ್ಕೆ ಒಳ್ಳೆಯ ತಯಾರಿಕೆಯ 550 ಅಥವಾ 650 ವ್ಯಾಟ್ ಸರಿ. ಕಳಪೆ ತಯಾರಿಕೆಯ ಮೇಲೆ 750 ಎಂದು ಅಂಟಿಸಿದ್ದರೂ ಅದು 550ಕ್ಕೆ ಸಾಟಿಯಲ್ಲ. ಚೀಟಿಯಲ್ಲಿ ಒಟ್ಟು ವ್ಯಾಟಿಗಿಂತ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂಬುದನ್ನು ನೋಡಿ, 12ರಿಂದ ಗುಣಿಸಿ. ಬಂದ ಉತ್ತರ ಘೋಷಿತ ವ್ಯಾಟಿನ ಹತ್ತಿರ ಇಲ್ಲದಿದ್ದರೆ ಆ ಸರಕು ಹಳೆಯ ಕಾಲದ್ದು.

80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಮುದ್ರೆಗಳು ವಿದ್ಯುತ್ತಿನ ದಕ್ಷತೆಯನ್ನಷ್ಟೇ ಹೇಳುತ್ತವೆ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಶೇ 85, ಗೋಲ್ಡ್ ಶೇ 90 ಮುಟ್ಟಬೇಕು. ಯಂತ್ರ 300 ವ್ಯಾಟ್ ಬಳಸುವಾಗ ಗೋಡೆಯಿಂದ ಮೊದಲನೆಯದು 353, ಎರಡನೆಯದು 333 ವ್ಯಾಟ್ ಎಳೆಯುತ್ತದೆ ಎಂದಾಯಿತು. ಈ 20 ವ್ಯಾಟಿನ ಅಂತರಕ್ಕಾಗಿ ಬಿಗಿ ಹಣದವರು ಗೋಲ್ಡ್‌ಗೆ ಹಾತೊರೆಯಬೇಕಿಲ್ಲ. ರಕ್ಷಣಾ ಮಂಡಲಗಳ ಗುಣವನ್ನು ಆ ಮುದ್ರೆ ಹೇಳುವುದಿಲ್ಲ, ಅದಕ್ಕೆ ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆಯನ್ನೇ ಓದಬೇಕು. ಬಳಸಿದ ಎಸ್‌ಎಂಪಿಎಸ್ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕೇಬಲ್ ಕಳಚಬಹುದಾದ ಮಾದರಿಗಳಲ್ಲಿ ಒಂದರ ಕೇಬಲನ್ನು ಇನ್ನೊಂದಕ್ಕೆ ಎಂದೂ ಹಾಕಬಾರದು: ತುದಿಗಳು ಒಂದೇ ರೀತಿ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆಯಿದ್ದು, ಗುಂಡಿ ಒತ್ತಿದ ಕ್ಷಣದಲ್ಲೇ ಎಸ್‌ಎಸ್‌ಡಿ ಸುಟ್ಟುಹೋಗಬಹುದು.

ಕ್ಯಾಬಿನೆಟ್ಟಿನಲ್ಲಿ ಧಾರಾಳವಾಗಿ ಉಳಿಸಬಹುದು. ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಮುಂದೆ ಗಾಳಿ ಎಳೆಯುವ ಎರಡು, ಹಿಂದೆ ಹೊರಹಾಕುವ ಒಂದು ಫ್ಯಾನಿಗೆ ಜಾಗವಿರಲಿ. ಕೊಳ್ಳುವ ಮೊದಲು ಕಾರ್ಡಿನ ಉದ್ದ ಮತ್ತು ಕೂಲರಿನ ಎತ್ತರವನ್ನು ಕ್ಯಾಬಿನೆಟ್ಟಿನ ವಿವರದೊಂದಿಗೆ ತಾಳೆ ನೋಡಬೇಕು. 65 ವ್ಯಾಟ್ ವರ್ಗದ ಪ್ರೊಸೆಸರಿಗೆ ಪೆಟ್ಟಿಗೆಯಲ್ಲೇ ಬರುವ ಕೂಲರ್ ಸ್ವಲ್ಪ ಸದ್ದು ಮಾಡಿದರೂ ಕೆಲಸ ಮಾಡುತ್ತದೆ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ಪ್ರೊಸೆಸರ್ ಜೊತೆ ಅದು ಬರುವುದಿಲ್ಲ. ನೀರಿನ ಕೂಲರ್ ಈ ಹಣದಲ್ಲಿ ಅಲಂಕಾರ ಮಾತ್ರ.

ಕಾರ್ಯಾಚರಣಾ ವ್ಯವಸ್ಥೆಯನ್ನು ಲೆಕ್ಕಕ್ಕೆ ಸೇರಿಸಲು ಮರೆಯುವವರೇ ಹೆಚ್ಚು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಮೇಲೆ ಹೇಳಿದ ಪ್ರೊಸೆಸರುಗಳಲ್ಲೆಲ್ಲ ಅದು ಇದೆ, ಬಯಾಸ್‌ನಲ್ಲಿ ಚಾಲೂ ಮಾಡಬೇಕಾಗಬಹುದು. ವಿಂಡೋಸ್ ಆಟಗಳನ್ನು ಓಡಿಸಿಕೊಡುವ, ಸ್ಟೀಮ್ ಆಟದಂಗಡಿಯ ಪ್ರೋಟಾನ್ ತಂತ್ರಾಂಶದಿಂದಾಗಿ ಪುಕ್ಕಟೆಯಾಗಿ ಸಿಗುವ ಲಿನಕ್ಸ್‌ನಲ್ಲೂ ಬಹಳಷ್ಟು ಆಟಗಳು ನಡೆಯುತ್ತವೆ, ಆದರೆ ವ್ಯಾಲರಂಟ್‌ನಂಥ ಕೆಲವು ಆಟಗಳ ಮೋಸತಡೆ ವ್ಯವಸ್ಥೆ ಲಿನಕ್ಸನ್ನು ಒಪ್ಪುವುದಿಲ್ಲ. ಗೆಳೆಯರ ಬಳಗ ಅದನ್ನೇ ಆಡುತ್ತಿದ್ದರೆ ಆ ದಾರಿ ಮುಚ್ಚಿದಂತೆ.

ಎಲ್ಲವನ್ನೂ ಸರಿಯಾಗಿ ಆರಿಸಿದ ಮೇಲೂ, ಕೊಟ್ಟ ಹಣಕ್ಕೆ ತಕ್ಕ ವೇಗ ಸಿಗದಂತೆ ತಡೆಯುವ ಮೂರು ಸಣ್ಣ ತಪ್ಪುಗಳು ಬಹಳ ಸಾಮಾನ್ಯ. ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಕಾರ್ಡ್ ಸುಮ್ಮನೆ ಕೂರುತ್ತದೆ. ಅದನ್ನು ಕಾರ್ಡಿನ ತುದಿಗೇ ಸಿಕ್ಕಿಸಬೇಕು. ರ‍್ಯಾಮ್ ತಾನಾಗಿ ತನ್ನ ಘೋಷಿತ ವೇಗದಲ್ಲಿ ಓಡುವುದಿಲ್ಲ. 3200ರ ಡಿಡಿಆರ್4 ಕಡ್ಡಿ 2133 ಅಥವಾ 2666ರಲ್ಲಿ, 6000ದ ಡಿಡಿಆರ್5 ಕಡ್ಡಿ 4800ರಲ್ಲಿ ತೆವಳುತ್ತಿರುತ್ತದೆ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಚಾಲೂ ಮಾಡಬೇಕು, ಕಡ್ಡಿಗಳನ್ನು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಿರಬೇಕು. 144 ಹರ್ಟ್ಸ್ ಪರದೆಯನ್ನು ವಿಂಡೋಸ್ ಹಲವು ಬಾರಿ 60ರಲ್ಲೇ ಬಿಟ್ಟಿರುತ್ತದೆ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಕೈಯಾರೆ ಏರಿಸಬೇಕು. ಕೊನೆಯದಾಗಿ, ಎಎಂ5 ಕಟ್ಟಿದವರಿಗೆ ಒಂದು ಮಾತು: ಮೊದಲ ಬಾರಿ ಗುಂಡಿ ಒತ್ತಿದಾಗ ಬೋರ್ಡ್ ಹೊಸ ರ‍್ಯಾಮನ್ನು ಪರೀಕ್ಷಿಸಿ ಪಳಗಿಸಿಕೊಳ್ಳುತ್ತದೆ, ಆ ಕೆಲಸ ಕೆಲವು ನಿಮಿಷ ಹಿಡಿಯಬಹುದು, ಫ್ಯಾನ್ ತಿರುಗುತ್ತಿದ್ದರೂ ಪರದೆ ಅಷ್ಟೂ ಹೊತ್ತು ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ವಿದ್ಯುತ್ ಕಡಿತಗೊಳಿಸಬೇಡಿ, ಕಡ್ಡಿಗಳನ್ನು ಕಿತ್ತು ಮತ್ತೆ ಕೂರಿಸಬೇಡಿ. ಹದಿನೈದು ನಿಮಿಷ ಕಳೆದ ಮೇಲೂ ಪರದೆ ಬೆಳಗದಿದ್ದರೆ ಮಾತ್ರ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.